ಜೋಡಿಸಿದ ಪೈನ್ ಹಲಗೆ ಸೀಳದಂತೆ ನಾನು ಮಾಡುವ ಕೆಲಸ

ಉಡುಪಿಯಲ್ಲಿ ಮಾಡಿಸಿದ ಒಂದು ಪೈನ್ ಊಟದ ಮೇಜು ಕಲಬುರಗಿಗೆ ಹೋಗಿ, ಅಲ್ಲಿನ ಮೊದಲ ಬೇಸಿಗೆಯಲ್ಲೇ ಸೀಳಿತ್ತು. ಬೇರೆ ಕಡೆ ಮಾಡಿಸಿದ ಮೇಜು ಅದು. ಮನೆಯವರು ರಜೆಗೆ ಊರಿಗೆ ಬರುವಾಗ ಮೇಲಿನ ಹಲಗೆಯನ್ನು ಮಾತ್ರ ಬಿಚ್ಚಿಕೊಂಡು ನನ್ನ ಅಂಗಡಿಗೆ ತಂದರು. "ಗಮ್ ಬಿಟ್ಟಿದೆ ಆಚಾರ್ರೇ, ಒಳ್ಳೇ ಗಮ್ ಹಾಕಿ ಕೂಡಿಸಿ ಕೊಡಿ" ಅಂದರು.

ಗಮ್ ಬಿಟ್ಟಿರಲಿಲ್ಲ. ಸೀಳು ಇದ್ದದ್ದು ಜೋಡಿಸಿದ ಸಂದಿನಲ್ಲಿ ಅಲ್ಲ, ಅದರಿಂದ ಕಾಲು ಇಂಚು ಆಚೆ, ಮರದಲ್ಲೇ. ಟಾರ್ಚ್ ಹಿಡಿದು ನೋಡಿದರೆ ಎರಡೂ ಕಡೆ ಕಿತ್ತ ನಾರು ಎದ್ದು ನಿಂತಿತ್ತು. ತುದಿಯಲ್ಲಿ ಉಗುರು ಹೋಗುವಷ್ಟು ಅಗಲ, ಒಂದೂವರೆ ಅಡಿ ಒಳಗೆ ಬರುವಾಗ ಬರೀ ಒಂದು ಗೆರೆ. ಹಲಗೆ ಮಗುಚಿ ಹಾಕಿದೆ. ಅಡಿಯಲ್ಲಿ ಅಡ್ಡಕ್ಕೆ ಮೂರು ರೀಪು, ಅಂದರೆ ಮರದ ಸಣ್ಣ ಪಟ್ಟಿ. ಪ್ರತಿ ರೀಪಿಗೂ ಉದ್ದಕ್ಕೆ ಗಮ್ ಬಳಿದು, ಸಾಲದ್ದಕ್ಕೆ ಐದಾರು ಇಂಚಿಗೊಂದು ಸ್ಕ್ರೂ ಬಿಗಿದಿದ್ದರು. ಗಟ್ಟಿಯಾಗಿರಲಿ ಅಂತ ಮಾಡಿದ ಕೆಲಸವೇ ಹಲಗೆಯನ್ನು ಸೀಳಿತ್ತು.

ಜೋಡಿಸಿದ ಹಲಗೆ ಸೀಳಿದಾಗ ಎಲ್ಲರೂ ಮೊದಲು ಗಮ್ಮನ್ನು ಬೈಯುತ್ತಾರೆ. ಆದರೆ ಸರಿಯಾಗಿ ಕೂತ ಫೆವಿಕಾಲ್ ಸಂದು ಪೈನ್ ಮರಕ್ಕಿಂತ ಗಟ್ಟಿ. ಕತ್ತರಿಸಿ ಮಿಕ್ಕ ಜೋಡಣೆಯ ತುಂಡನ್ನು ಮೊಣಕಾಲಿಗೆ ಒತ್ತಿ ಮುರಿದು ನೋಡಿ. ಮುರಿಯುವುದು ಮರ, ಸಂದಲ್ಲ. ಒಣಗುವಾಗ ಕುಗ್ಗಲು ಬಿಡದಿದ್ದರೆ ಮರಕ್ಕೆ ಸೀಳದೆ ಬೇರೆ ದಾರಿಯೇ ಇಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಕುಗ್ಗುವುದೆಲ್ಲ ಅಗಲಕ್ಕೆ. ಪೈನ್‌ಗೆ ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ: ತೇವ ಶೇ. 4 ಇಳಿದರೆ ಅಗಲ ಸುಮಾರು ಶೇ. 1 ಕಡಿಮೆಯಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಶೆಡ್ಡಿನಲ್ಲಿಟ್ಟ ಪೈನ್ ಶೇ. 16 ತೇವ ಹಿಡಿಯುವುದು ದೊಡ್ಡ ಮಾತಲ್ಲ. ಅದೇ ಹಲಗೆ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಶೇ. 8ಕ್ಕೆ ಬರುತ್ತದೆ. 36 ಇಂಚು ಅಗಲದ ಮೇಜಾದರೆ ಮುಕ್ಕಾಲು ಇಂಚಿನ ಹತ್ತಿರ ಕುಗ್ಗಬೇಕು. ಆದರೆ ಅಡಿಯ ರೀಪು ತನ್ನ ಉದ್ದದಲ್ಲಿ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ಅದಕ್ಕೇ ಗಮ್ ಹಾಕಿ ಅಂಟಿಸಿದರೆ ಆ ಮುಕ್ಕಾಲು ಇಂಚು ಎಲ್ಲಿಗೆ ಹೋಗಬೇಕು? ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದು ಯಾವ ಊರಿಗೆ ಹೋಗುತ್ತದೆ? ಮಂಗಳೂರಿನ ಮನೆಗೋ, ಬಳ್ಳಾರಿಗೋ, ಬೆಂಗಳೂರಿನಲ್ಲಿ ಇಡೀ ದಿನ ಎಸಿ ಓಡುವ ಆಫೀಸಿಗೋ. ಉಡುಪಿಯಲ್ಲೇ ಉಳಿಯುವ ಮೇಜಿಗೆ ಶೇ. 12-13 ತೇವ ಇದ್ದರೆ ನಾನು ಕೆಲಸ ಶುರು ಮಾಡುತ್ತೇನೆ. ಒಣ ಊರಿಗೆ ಹೋಗುವುದಾದರೆ ಶೇ. 10ಕ್ಕೆ ಇಳಿಯದೆ ಗಮ್ ಡಬ್ಬಿ ತೆರೆಯುವುದಿಲ್ಲ.

ಮರ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ನಮಗೆ ಹೊರದೇಶದಿಂದ ಬಂದ ಪೈನ್ ಸಿಗುತ್ತದೆ. ಸರಕು ಪೇರಿಸಿ ಸಾಗಿಸುವ ಹಳೇ ಪ್ಯಾಲೆಟ್ ಒಡೆದ ಮರವೂ ಬರುತ್ತದೆ. ಪ್ಯಾಲೆಟ್ ಮೇಲಿನ "ಎಚ್‌ಟಿ" ಮುದ್ರೆ ನೋಡಿ ಮರ ಒಣಗಿದೆ ಅಂತ ನಂಬುವವರು ಬಹಳ. ಹುಳ ಸಾಯಲಿ ಅಂತ ಮರದ ಒಳಭಾಗವನ್ನು 56 ಡಿಗ್ರಿಗೆ ಕಾಯಿಸಿ 30 ನಿಮಿಷ ಹಾಗೇ ಇಟ್ಟಿದ್ದಾರೆ ಅನ್ನುವುದಷ್ಟೇ ಆ ಮುದ್ರೆಯ ಅರ್ಥ. ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು "ಕೆಡಿ" ಅಂದರೆ ಮರ ಒಣಗಿಸುವ ಬಿಸಿ ಕೋಣೆಯಲ್ಲಿ, ಕಿಲ್ನ್‌ನಲ್ಲಿ, ಒಣಗಿಸಿದ ಮರ. ಅದು ಒಳ್ಳೆಯದೇ. ಆದರೆ ಒಣಗಿದ ಮರವನ್ನು ಜುಲೈ ತಿಂಗಳಿಡೀ ಕರಾವಳಿಯ ಡಿಪೋದಲ್ಲಿ ರಾಶಿ ಹಾಕಿದ್ದರೆ ಅದು ಮತ್ತೆ ತೇವ ಕುಡಿದಿರುತ್ತದೆ.

ತೇವ ನೋಡಲು ಪಿನ್ ಚುಚ್ಚುವ ಮೀಟರ್ ಇದೆ. ಹಲಗೆಯ ಮೈಗೆ ಚುಚ್ಚಿ ಸುಮ್ನೆ ನಂಬಬೇಡಿ. ಮೈ ಬೇಗ ಒಣಗುತ್ತದೆ, ಹೊಟ್ಟೆಯಲ್ಲಿ ತೇವ ಉಳಿದಿರುತ್ತದೆ. ನಾನು ಒಂದು ಹಲಗೆಯನ್ನು ತುದಿಯಿಂದ ಒಂದು ಅಡಿ ಒಳಗೆ ಕತ್ತರಿಸಿ, ಆಗ ತಾನೇ ಕತ್ತರಿಸಿದ ಜಾಗದ ನಡುವೆ ಚುಚ್ಚುತ್ತೇನೆ. ಮೀಟರ್ ಇಲ್ಲದವರಿಗೂ ದಾರಿಯಿದೆ. ಅದೇ ಜಾಗದಿಂದ ಒಂದು ಇಂಚಿನ ಚೂರು ತೆಗೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 100 ಡಿಗ್ರಿ ಚಿಲ್ಲರೆಗೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಆಗಾಗ ತೂಗುತ್ತಿರಿ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವ ಶೇ. 12. ಮೀಟರ್ ಸುಳ್ಳು ಹೇಳಬಹುದು, ಈ ಲೆಕ್ಕ ಹೇಳುವುದಿಲ್ಲ.

ಅಂಗಡಿಗೆ ಬಂದ ಹಲಗೆಯನ್ನು ನೆಲಕ್ಕೆ ತಾಗಿಸದೆ, ನಡುನಡುವೆ ಮುಕ್ಕಾಲು ಇಂಚಿನ ರೀಪಿಟ್ಟು ಪೇರಿಸುತ್ತೇನೆ. ಒಂದೂವರೆ ಅಡಿಗೊಂದು ರೀಪು, ಮೇಲಿನದು ಕೆಳಗಿನದರ ನೇರಕ್ಕೇ ಇರಬೇಕು. ಸಾಲು ತಪ್ಪಿದರೆ ಹಲಗೆ ಅಲ್ಲೇ ಡೊಂಕಾಗಿ ಒಣಗುತ್ತದೆ. ಹಲಗೆಯ ಎರಡೂ ತುದಿಗೆ ಮಿಕ್ಕ ಪೇಂಟನ್ನು ದಪ್ಪಗೆ ಬಳಿಯುತ್ತೇನೆ. ಬದಿಗಿಂತ ತುದಿಯಿಂದ ನೀರು ಎಷ್ಟೋ ಪಟ್ಟು ಬೇಗ ಹೋಗುತ್ತದೆ. ತುದಿ ಮೊದಲು ಕುಗ್ಗುತ್ತದೆ, ನಡುಭಾಗ ಇನ್ನೂ ಉಬ್ಬಿಕೊಂಡೇ ಇರುತ್ತದೆ. ತುದಿಯ ಸೀಳು ಹುಟ್ಟುವುದೇ ಹೀಗೆ. ಒಂದು ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ತೂಕ ಬರೆದಿಡುತ್ತೇನೆ. ತೂಕ ಬದಲಾಗುವುದು ನಿಂತ ಮೇಲೆಯೇ ಗರಗಸ. ಮಳೆಗಾಲದಲ್ಲಿ ಎಷ್ಟು ಕಾದರೂ ಹೊರಗಿನ ಗಾಳಿಯಲ್ಲಿ ಮರ ಬೇಕಾದಷ್ಟು ಒಣಗುವುದಿಲ್ಲ. ಅದಕ್ಕೆ ಸಣ್ಣ ಕೋಣೆಯೊಂದರ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟುಕೊಂಡಿದ್ದೇನೆ.

ಕತ್ತರಿಸುವಾಗ ನಾನು ಮರದ ಲೋಭ ಮಾಡುವುದಿಲ್ಲ. ತುದಿಯ ಎರಡು ಇಂಚು ಹೋಗಲಿ. ಕೂದಲಿನಂಥ ಸೀಳು ಕಣ್ಣಿಗೆ ಕಾಣದೆಯೂ ಅಲ್ಲಿರುತ್ತದೆ. ಕತ್ತರಿಸಿದ ತೆಳು ಚೂರನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಸೀಳಿದ್ದರೆ ತಟ್ಟನೆ ಎರಡಾಗುತ್ತದೆ, ಆಗ ಇನ್ನೊಂದಿಂಚು ಕತ್ತರಿಸಬೇಕು. ಮರದ ನಟ್ಟನಡುವಿನ ತಿರುಳು ಇರುವ ಹಲಗೆಯಾದರೆ ಆ ಪಟ್ಟಿಯನ್ನು ಸೀಳಿ ಬಿಸಾಡುತ್ತೇನೆ. ಮರ ತನ್ನ ಉಂಗುರದ ಸುತ್ತ ಕುಗ್ಗುವುದು ಉಂಗುರಕ್ಕೆ ಅಡ್ಡ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳಿನ ಹತ್ತಿರ ಈ ಎರಡೂ ಎಳೆತ ಒಂದೇ ಹಲಗೆಯಲ್ಲಿ ಸೇರಿಕೊಂಡಿರುತ್ತದೆ. ಎಷ್ಟು ಒಣಗಿಸಿದರೂ ಅದು ಸೀಳದೆ ಬಿಡುವುದಿಲ್ಲ. ಗಂಟುಗಳನ್ನು ಸಂದಿನಿಂದಲೂ ತುದಿಯಿಂದಲೂ ದೂರ ಇಡುತ್ತೇನೆ. ಎಂಟು ಇಂಚಿನ ಅಗಲ ಹಲಗೆ ಸಿಕ್ಕಿದರೂ ಮೂರು-ನಾಲ್ಕು ಇಂಚಿನ ಪಟ್ಟಿ ಮಾಡಿ ಮತ್ತೆ ಜೋಡಿಸುತ್ತೇನೆ. ನೋಡುವವರಿಗೆ ಇದು ಎರಡು ಕೆಲಸ ಅನಿಸಬಹುದು. ಆದರೆ ಅಗಲ ಹಲಗೆ ಬಗ್ಗುವ ರೀತಿ ಪಟ್ಟಿ ಬಗ್ಗುವುದಿಲ್ಲ.

ಈಗ ಜೋಡಣೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಕೆಲಸವಿದೆ, ಮೆಷಿನ್ ಬಂದ ಮೇಲೆ ಅದನ್ನು ಮಾಡುವವರು ಕಡಿಮೆ. ಪಟ್ಟಿಗಳ ಅಂಚನ್ನು ಮೆಷಿನ್ನಿನಲ್ಲಿ ನೇರ ಮಾಡಿದ ಮೇಲೆ ಮರ ಹೆರೆಯುವ ಕೈ ರಂದ ತೆಗೆದುಕೊಂಡು, ಎರಡೂ ತುದಿ ಬಿಟ್ಟು ನಡುವಿನ ಭಾಗಕ್ಕೆ ಮಾತ್ರ ತೆಳ್ಳಗೆ ಹೊಡೆಯುತ್ತೇನೆ. ಮೊದಲು ನಡುವಲ್ಲಿ ಗಿಡ್ಡ ಸಿಪ್ಪೆ, ಆಮೇಲೆ ಅದಕ್ಕಿಂತ ಉದ್ದ ಸಿಪ್ಪೆ. ನಾಲ್ಕು ಅಡಿಯ ಪಟ್ಟಿಗೆ ಅರ್ಧ ಮಿಲಿಮೀಟರ್ ಒಳಗಿನ ತಗ್ಗು ಸಾಕು. ಎರಡು ಪಟ್ಟಿಯನ್ನು ಅಂಚಿಗೆ ಅಂಚು ಕೂರಿಸಿ ಬೆಳಕಿಗೆ ಹಿಡಿದರೆ ತುದಿಗಳು ಮುಚ್ಚಿಕೊಂಡು, ನಡುವೆ ಬೆಳಕಿನ ಸಣ್ಣ ಗೆರೆ ಕಾಣಬೇಕು. ಮೇಲಿನ ಪಟ್ಟಿಯನ್ನು ಮೆಲ್ಲಗೆ ತಿರುಗಿಸಿದರೆ ತುದಿಯಲ್ಲಿ ತಡೆದ ಹಾಗಾಗಬೇಕು. ನಡುವೆ ಬುಗುರಿ ಹಾಗೆ ತಿರುಗಿದರೆ ಅಂಚು ಉಬ್ಬಿದೆ ಎಂದರ್ಥ, ಅದನ್ನು ಜೋಡಿಸಲೇಬಾರದು. ಗಮ್ ಹಚ್ಚಿ ಜೋಡಿಸುವಾಗ ಈ ತಗ್ಗನ್ನು ನಡುವಿನ ಒಂದು ಕ್ಲಾಂಪ್ (ಪಟ್ಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಸಾಧನ) ಎಳೆದು ಮುಚ್ಚುತ್ತದೆ. ಆಗ ತುದಿಗಳು ಒಂದನ್ನೊಂದು ಒತ್ತಿಕೊಂಡೇ ಇರುತ್ತವೆ. ಮುಂದೆ ತುದಿ ಒಣಗಿ ಕುಗ್ಗಲು ಹೊರಟಾಗ ಮೊದಲು ಆ ಒತ್ತಡ ಕಡಿಮೆಯಾಗಬೇಕು. ಸಂದು ಬಾಯಿ ಬಿಡುವ ಸರದಿ ಅಷ್ಟು ಬೇಗ ಬರುವುದಿಲ್ಲ.

ಕ್ಲಾಂಪ್‌ಗಳನ್ನು ಒಂದು ಮೇಲೆ, ಒಂದು ಕೆಳಗೆ ಹಾಕುತ್ತೇನೆ. ಸಂದಿನುದ್ದಕ್ಕೂ ಗಮ್ ಸಣ್ಣ ಮಣಿಮಣಿಯಾಗಿ ಹೊರಗೆ ಬಂದರೆ ಸರಿಯಾಗಿದೆ. ಕ್ಲಾಂಪ್ ಬಿಚ್ಚಿದ ದಿನವೇ ರಂದ ಹೊಡೆಯಬೇಡಿ. ಗಮ್ಮಿನ ನೀರು ಕುಡಿದು ಸಂದಿನ ಅಕ್ಕಪಕ್ಕ ಉಬ್ಬಿರುತ್ತದೆ. ಆಗಲೇ ಸಮ ಮಾಡಿದರೆ, ಒಣಗಿದ ಮೇಲೆ ಆ ಜಾಗ ತಗ್ಗಿ ಪಾಲಿಶ್‌ನಲ್ಲಿ ಗೆರೆ ಕಾಣುತ್ತದೆ. ನಾಲ್ಕೈದು ದಿನ ಬಿಟ್ಟರೆ ಒಳ್ಳೆಯದು.

ಮೇಜನ್ನು ಕಾಲಿಗೆ ಕೂರಿಸುವಾಗ ಅಡ್ಡ ರೀಪಿಗೆ ಗಮ್ ಹಚ್ಚುವುದೇ ಇಲ್ಲ. ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿ. ಮಿಕ್ಕ ಸ್ಕ್ರೂಗಳ ತೂತನ್ನು ರೀಪಿನಲ್ಲಿ ಉದ್ದುದ್ದ ಮಾಡುತ್ತೇನೆ, ಅಂಚಿಗೆ ಹೋದಷ್ಟೂ ಜಾಸ್ತಿ ಉದ್ದ. ತಲೆಯಡಿಗೆ ವಾಷರ್ ಹಾಕಿ, ಹಲಗೆ ಎದ್ದೇಳದಷ್ಟು ಬಿಗಿದು ನಿಲ್ಲಿಸುತ್ತೇನೆ. ಹಲಗೆ ನಡುವಿನಿಂದ ಎರಡೂ ಕಡೆಗೆ ತನ್ನಷ್ಟಕ್ಕೆ ಜಾರುತ್ತದೆ. ತುದಿಗೆ ಅಡ್ಡಪಟ್ಟಿ ಬೇಕು ಅನ್ನುವವರಿಗೂ ಇದೇ ನಿಯಮ: ನಡುವೆ ಮೂರು ಇಂಚಿಗೆ ಮಾತ್ರ ಗಮ್. ಬೇಸಿಗೆಯಲ್ಲಿ ಪಟ್ಟಿಯ ತುದಿ ಮೇಜಿನಿಂದ ಸ್ವಲ್ಪ ಹೊರಗೆ ಚಾಚುತ್ತದೆ, ಮಳೆಗಾಲದಲ್ಲಿ ಒಳಗಾಗುತ್ತದೆ. ಇದನ್ನು ಗಿರಾಕಿಗೆ ಮೊದಲೇ ತೋರಿಸಿ ಹೇಳಿಬಿಡಬೇಕು.

ಬಾಗಿಲಿನ ಪ್ಯಾನೆಲ್‌ಗಳೂ ಹೀಗೇ. ಚೌಕಟ್ಟಿನ ಗ್ರೂವ್‌ನಲ್ಲಿ ಪ್ಯಾನೆಲ್ ಸಡಿಲವಾಗಿ ಕೂರಬೇಕು, ಗಮ್ ಬೇಡ. ಏಪ್ರಿಲ್‌ನಲ್ಲಿ ಮಾಡಿದರೆ ಎರಡೂ ಬದಿಗೆ ಮೂರು-ನಾಲ್ಕು ಮಿಲಿಮೀಟರ್ ಜಾಗ ಬಿಡುತ್ತೇನೆ. ಜುಲೈನಲ್ಲಾದರೆ ಹೆಚ್ಚುಕಡಿಮೆ ತುಂಬುವ ಹಾಗೆ ಕೂರಿಸುತ್ತೇನೆ. ಬಣ್ಣವನ್ನು ಮಾತ್ರ ಕೂರಿಸುವ ಮೊದಲೇ ಹೊಡೆಯಿರಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ.

ಪಾಲಿಶ್ ಬಗ್ಗೆ ಒಂದೇ ಮಾತು. ಮೇಲೆ ಎಷ್ಟು ಕೋಟ್ ಹೊಡೆದಿರೋ ಅಡಿಗೂ ಅಷ್ಟೇ, ತುದಿಗೆ ಒಂದು ಕೋಟ್ ಜಾಸ್ತಿ. ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದರೂ ತೇವ ಓಡಾಡುವುದು ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ.

ಕಲಬುರಗಿಯ ಮೇಜಿಗೆ ಮೊದಲು ಆ ಮೂರು ರೀಪನ್ನೂ ಉಳಿಯಲ್ಲಿ ಕೆತ್ತಿ ತೆಗೆದೆ. ಸೀಳಿಗೆ ಎಂ-ಸೀಲ್ ತುಂಬಿ ಅಂತ ಅವರು ಕೇಳಿದ್ದರು, ನಾನು ಒಪ್ಪಲಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಸೀಳಿಗೆ ಗಟ್ಟಿ ವಸ್ತು ತುಂಬಿದರೆ, ಮಳೆಗಾಲದಲ್ಲಿ ಮರ ಉಬ್ಬಿದಾಗ ಅದು ಬೆಣೆಯಾಗಿ ನಿಂತು ಸೀಳನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಸೀಳು ಮುಗಿದ ಜಾಗದಿಂದ ಆಚೆಗೂ, ಹಲಗೆಯ ಇನ್ನೊಂದು ತುದಿಯವರೆಗೂ ಗರಗಸ ಹಾಕಿ ಎರಡು ಮಾಡಿದೆ. ಎರಡೂ ತುಂಡನ್ನು ಡಿಹ್ಯುಮಿಡಿಫೈಯರ್ ಕೋಣೆಯಲ್ಲಿ ಶೇ. 10ಕ್ಕೆ ಬರುವ ತನಕ ಇಟ್ಟೆ. ಆಮೇಲೆ ಅಂಚಿಗೆ ರಂದ ಹೊಡೆದು, ನಡುವೆ ತಗ್ಗು ತೆಗೆದು ಮತ್ತೆ ಜೋಡಿಸಿದೆ. ಮೇಜಿನ ಅಗಲ ಒಂದಿಷ್ಟು ಕಡಿಮೆಯಾಯಿತು. ಹೊಸ ರೀಪು ಉದ್ದ ತೂತಿನದ್ದೇ. ಸ್ಕ್ರೂ ಯಾವುದು ಬಿಗಿ, ಯಾವುದು ಸಡಿಲ ಅಂತ ಅಡಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದೆ, ಅಲ್ಲಿ ಮತ್ತೆ ಕೂರಿಸುವವರು ಎಲ್ಲವನ್ನೂ ಬಿಗಿದುಬಿಡಬಾರದು ನೋಡಿ.