ಹೊಸಬರಿಗೆ ಮಾರ್ಗದರ್ಶಿ: ಕೆಲಸ ಕೇಳಬೇಡಿ, 20 ನಿಮಿಷ ಕೇಳಿ

ಮನೆ ಸಿಕ್ಕಿತು, ಮಕ್ಕಳು ಶಾಲೆಗೆ ಸೇರಿದರು. ಇನ್ನು ಕೆಲಸ. ವಿದೇಶದಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ಹೊಸದಾಗಿ ಬಂದವರು ನಮ್ಮ ಹತ್ತಿರ ಹೇಳಿಕೊಳ್ಳುವುದು ಹೆಚ್ಚಾಗಿ ಒಂದೇ ಮಾತು: "ಎಷ್ಟೋ ಕಡೆ ಅರ್ಜಿ ಹಾಕಿದೆ, ಒಂದು ಫೋನೂ ಬರ್ಲಿಲ್ಲ." ಅವರ ರೆಸ್ಯೂಮೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಬೆಳಗಿನಿಂದ ಸಂಜೆವರೆಗೆ ಬರೀ ಅರ್ಜಿ ಹಾಕುತ್ತಾ ಕೂತಿರುವುದೇ ತೊಂದರೆ.

ಅದಕ್ಕೂ ಮೊದಲು ವೀಸಾ ನೋಡಿಕೊಳ್ಳಿ. ಗಂಡನದೋ ಹೆಂಡತಿಯದೋ ವೀಸಾದ ಮೇಲೆ ಬಂದವರಿಗೆ ಕೆಲವು ದೇಶಗಳಲ್ಲಿ ತಕ್ಷಣ ಕೆಲಸ ಮಾಡಲು ಅನುಮತಿ ಇರುತ್ತದೆ. ಕೆಲವು ಕಡೆ ಬೇರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಸಂಬಳ ಇಲ್ಲದೆ ಸುಮ್ನೆ ಒಂದು ಕಂಪನಿಗೆ ಕೆಲಸ ಮಾಡಿಕೊಟ್ಟರೂ ಅದು ಉದ್ಯೋಗ ಎಂದೇ ಲೆಕ್ಕಕ್ಕೆ ಬರಬಹುದು. ಇದರಲ್ಲಿ ಗೆಳೆಯರ ಮಾತು ನಂಬಿ ಹೆಜ್ಜೆ ಇಡಬೇಡಿ. ಸರ್ಕಾರದ ವೆಬ್‌ಸೈಟ್ ಓದಿ ಅಥವಾ ವಲಸೆ ವಕೀಲರನ್ನು ಕೇಳಿ. ಡಾಕ್ಟರ್, ನರ್ಸ್, ಟೀಚರ್, ಲಾಯರ್ ಆಗಿದ್ದವರಿಗೆ ಸ್ಥಳೀಯ ಲೈಸೆನ್ಸ್ ಬೇಕಾಗುತ್ತದೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಂಕಪಟ್ಟಿಗಳನ್ನು ಹಳೆಯ ಕಾಲೇಜಿನಿಂದ ತರಿಸುವ ಕೆಲಸವನ್ನು ಈ ವಾರವೇ ಶುರು ಮಾಡಿ.

ರೆಸ್ಯೂಮೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಪುಟ ಸಾಕು. ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ಫೋಟೋ, ಹುಟ್ಟಿದ ದಿನಾಂಕ, ಮದುವೆ ವಿಚಾರ ಹಾಕುವ ರೂಢಿ ಇಲ್ಲ. ಲಕ್ಷ, ಕೋಟಿಗಳನ್ನು ಮಿಲಿಯನ್‌ಗೆ ಬದಲಿಸಿ. ದೊಡ್ಡ ಕಂಪನಿಗಳಲ್ಲಿ ನಿಮ್ಮ ರೆಸ್ಯೂಮೆ ಮೊದಲು ಒಂದು ಸಾಫ್ಟ್‌ವೇರ್‌ಗೆ ಹೋಗುತ್ತದೆ. ಎರಡು ಕಾಲಂ, ಟೇಬಲ್, ಡಬ್ಬಿಗಳೊಳಗಿನ ಬರಹ ಇದ್ದರೆ ಅದು ತಡವರಿಸಬಹುದು. ಪರೀಕ್ಷೆ ಸುಲಭ: ಇಡೀ ರೆಸ್ಯೂಮೆ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಕಲಸುಮೇಲೋಗರ ಆದರೆ ಆ ಸಾಫ್ಟ್‌ವೇರ್‌ಗೂ ಹಾಗೇ ಕಾಣುವ ಸಾಧ್ಯತೆ ಇದೆ.

ಈಗ ಮುಖ್ಯ ವಿಷಯ. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದಲ್ಲಿ ಹೊಸ ಕೆಲಸಕ್ಕೆ ಸೇರಿದವರನ್ನು ಮಾತಾಡಿಸಿದರು. ಪರಿಚಯದವರಿಂದ ಕೆಲಸ ಸಿಕ್ಕವರನ್ನು, "ಆ ಪರಿಚಯದವರನ್ನು ಎಷ್ಟು ಸಲ ನೋಡ್ತಿದ್ರಿ?" ಎಂದು ಕೇಳಿದರು. ಪದೇ ಪದೇ ನೋಡುತ್ತಿದ್ದೆವು ಅಂದವರು ಆರರಲ್ಲಿ ಒಬ್ಬರು. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಇಲ್ಲವೇ ತೀರಾ ಅಪರೂಪಕ್ಕೆ ಸಿಗುವವರಿಂದ ಸುದ್ದಿ ಬಂದಿತ್ತು. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲಿನ ಅಧ್ಯಯನ ಪ್ರಕಟವಾಯಿತು. ಅಲ್ಲೂ ಹೆಚ್ಚು ನೆರವಾದದ್ದು ತೀರಾ ಹತ್ತಿರದವರಲ್ಲ, ಸ್ವಲ್ಪ ದೂರದ ಪರಿಚಯದವರು. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಅಲ್ವಾ?

ಹಾಗಾಗಿ ಸಂಘದವರಾದ ನಾವೇ ಇದನ್ನು ಹೇಳಬೇಕು: ಕೆಲಸದ ವಿಷಯಕ್ಕೆ ಸಂಘವೊಂದನ್ನೇ ನೆಚ್ಚಿಕೊಳ್ಳಬೇಡಿ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಸುದ್ದಿಯೂ ಅದೇ ಸುತ್ತುತ್ತಿರುತ್ತದೆ. ಹಳೆಯ ಕಂಪನಿಯಲ್ಲಿ ಬೇರೆ ಟೀಮಿನಲ್ಲಿದ್ದವರು, ಕಾಲೇಜಿನಲ್ಲಿ ಎರಡು ವರ್ಷ ಸೀನಿಯರ್ ಆಗಿದ್ದವರು, ಮಗಳ ಗೆಳತಿಯ ತಾಯಿ, ಲೈಬ್ರರಿಯಲ್ಲಿ ಪರಿಚಯವಾದವರು. ಇಂಥ 30 ಹೆಸರು ಬರೆದುಕೊಳ್ಳಿ.

ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೇಳಲು ಸಂಕೋಚ. ಹತ್ತು ವರ್ಷ ಮಾತಾಡಿಸದೆ ಈಗ ಹೇಗೆ ಕೇಳೋದು ಎಂದು ಮುದುಡಿಕೊಳ್ಳುತ್ತೇವೆ. ಆಮೇಲೆ ಗತಿಯಿಲ್ಲದೆ "ಎಲ್ಲಾದರೂ ಕೆಲಸ ಇದ್ದರೆ ಹೇಳಿ ಸರ್" ಎಂದು ರೆಸ್ಯೂಮೆ ಸಮೇತ ಕಳಿಸುತ್ತೇವೆ. ಓದಿದವರು ಏನು ಮಾಡಬೇಕು? ಕೊಡಲು ಅವರ ಕೈಯಲ್ಲಿ ಕೆಲಸ ಇಲ್ಲ. ಇಲ್ಲ ಅನ್ನಲು ಮನಸ್ಸಿಲ್ಲ. ಸುಮ್ಮನಾಗುತ್ತಾರೆ. ಬದಲಿಗೆ ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ. ಕಾಲೇಜಿನಲ್ಲಿ ನಾನು ನಿಮಗಿಂತ ಎರಡು ವರ್ಷ ಜೂನಿಯರ್. ಎಂಟು ವರ್ಷ ಆಸ್ಪತ್ರೆಯ ಅಕೌಂಟ್ಸ್ ನೋಡಿಕೊಂಡಿದ್ದೇನೆ, ಹೋದ ತಿಂಗಳು ಇಲ್ಲಿಗೆ ಬಂದೆ. ಈ ಕ್ಷೇತ್ರದಲ್ಲಿ ಇಲ್ಲಿ ಯಾವ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳುತ್ತಾರೆ ಎಂದು ನಿಮ್ಮಿಂದ ತಿಳಿದುಕೊಳ್ಳುವ ಆಸೆ. ಮುಂದಿನ ವಾರ 20 ನಿಮಿಷ ಸಿಗಬಹುದಾ?"

ಇದಕ್ಕೆ ಹೂಂ ಅನ್ನುವುದು ಸುಲಭ. ಮಾತಿಗೆ ಸಿಕ್ಕಾಗ ಅವರ ಕೆಲಸದ ಬಗ್ಗೆಯೇ ಕೇಳಿ: ದಿನವಿಡೀ ಏನು ಮಾಡುತ್ತಾರೆ, ಹೊಸಬರಲ್ಲಿ ಏನು ಕಡಿಮೆ ಕಾಣುತ್ತದೆ, ನಿಮ್ಮ ಅನುಭವವನ್ನು ಇಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೆ. ಈ ಕೊನೆಯದು ದೊಡ್ಡದು. ಅದೇ ಕೆಲಸಕ್ಕೆ ಇಲ್ಲಿ ಬೇರೆ ಹುದ್ದೆಯ ಹೆಸರು ಇದ್ದು, ನೀವು ತಿಂಗಳುಗಟ್ಟಲೆ ತಪ್ಪು ಪದ ಹಾಕಿ ಹುಡುಕುತ್ತಿರಬಹುದು. 20 ನಿಮಿಷ ಆದ ತಕ್ಷಣ ನೀವೇ ಮುಗಿಸಿ. ಏಳುವ ಮುಂಚೆ "ಇನ್ಯಾರನ್ನಾದರೂ ಮಾತಾಡಿಸಬಹುದಾ?" ಎಂದು ಕೇಳಿ. ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ. ಮರುದಿನ ಎರಡು ಸಾಲಿನ ಥ್ಯಾಂಕ್ಸ್. ಹತ್ತು ಜನಕ್ಕೆ ಬರೆದರೆ ಮೂವರು ಉತ್ತರ ಕೊಟ್ಟರೂ ಒಳ್ಳೆಯದೇ ಅಂದುಕೊಳ್ಳಿ. ಉಳಿದ ಏಳು ಜನಕ್ಕೆ ನಿಮ್ಮ ಮೇಲೆ ಸಿಟ್ಟೇನೂ ಇಲ್ಲ, ಬಿಡುವಿಲ್ಲ ಅಷ್ಟೇ.

ಇಂಟರ್‌ವ್ಯೂನಲ್ಲಿ ನಮ್ಮವರು ಎಲ್ಲದಕ್ಕೂ "ನಾವು ಮಾಡಿದೆವು" ಅನ್ನುತ್ತಾರೆ. ವಿನಯ ಸರಿ, ಆದರೆ ಕೇಳುವವರಿಗೆ ನೀವು ಮಾಡಿದ್ದು ಯಾವುದು ಎಂದು ತಿಳಿಯುವುದೇ ಇಲ್ಲ. ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿಗೆ ಏನು ಬಂತು, ಏನು ಮಾಡಿದಿರಿ, ಏನಾಯಿತು: ಈ ಕ್ರಮದಲ್ಲಿ ಐದಾರು ಕಥೆ ಬಾಯಲ್ಲೇ ಇರಲಿ. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಕ್ಷಮೆ ಕೇಳುವ ದನಿ ಬೇಡ. ಸಂಬಳದ ಮಾತು ಬಂದರೆ "ಈ ಹುದ್ದೆಗೆ ಎಷ್ಟರಿಂದ ಎಷ್ಟು ಇಟ್ಟಿದ್ದೀರಿ?" ಎಂದು ಮೊದಲು ನೀವೇ ಕೇಳಿ. ಹಳೆಯ ಸಂಬಳವನ್ನು ಹೊಸ ದೇಶದ ಹಣಕ್ಕೆ ಬದಲಿಸಿ ಹೇಳಿದರೆ ನಷ್ಟ ನಿಮಗೇ.

ಕೆಲಸ ಕೊಡಿಸಲು, ತರಬೇತಿಗೆ, ಲ್ಯಾಪ್‌ಟಾಪ್‌ಗೆ ಎಂದು ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ಮೊದಲೇ ಚೆಕ್ ಕಳಿಸಿ ಅದರಲ್ಲಿ ಸ್ವಲ್ಪ ವಾಪಸ್ ಕಳಿಸಿ ಅನ್ನುವುದೂ ಮೋಸವೇ. ಆ ಚೆಕ್ ಆಮೇಲೆ ಬೌನ್ಸ್ ಆಗುತ್ತದೆ, ನೀವು ಕಳಿಸಿದ ಹಣ ಹೋದದ್ದು ಹೋಯಿತು.

ಕೆಲಸ ಸಿಕ್ಕಿತು ಅನ್ನಿ. 20 ನಿಮಿಷ ಕೊಟ್ಟವರಿಗೆಲ್ಲ ತಿಳಿಸಿ. ಆಮೇಲೆ ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು ಆ ವಾರ ಏನು ಮುಗಿಸಿದಿರಿ, ಯಾರಿಗೆ ಉಪಯೋಗವಾಯಿತು ಎಂದು ಬರೆದಿಡಿ. ವರ್ಷದ ಕೊನೆಗೆ ಮ್ಯಾನೇಜರ್ "ಏನೇನು ಮಾಡಿದ್ದೀರಿ?" ಎಂದಾಗ ಫೆಬ್ರವರಿಯದು ಯಾರಿಗೂ ನೆನಪಿರುವುದಿಲ್ಲ, ಮ್ಯಾನೇಜರ್‌ಗಂತೂ ಇಲ್ಲವೇ ಇಲ್ಲ. ಈ ಟಿಪ್ಪಣಿ ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲಿರಲಿ, ಕಂಪನಿಯ ಗುಟ್ಟುಗಳು ಮಾತ್ರ ಅದರಲ್ಲಿ ಬೇಡ. ಆಫೀಸಿನ ಫೈಲ್‌ಗಳನ್ನು ಸ್ವಂತ ಈಮೇಲ್‌ಗೆ ಕಳಿಸಿಕೊಳ್ಳಬೇಡಿ. ಎಷ್ಟೋ ಕಡೆ ಅದಕ್ಕೇ ಕೆಲಸದಿಂದ ತೆಗೆಯುತ್ತಾರೆ.