ನಾಳೆಗೆಂದು ಉಳಿಸಿದ ಒಂದು ನಟ್ಟು

2019ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಪೆಟ್ರೋಲ್ ವಾಸನೆ ಮುಖಕ್ಕೆ ಬಡಿಯಿತು. ಹಿಂದಿನ ದಿನವಷ್ಟೇ ಎರಡು ಲೀಟರ್ ತುಂಬಿಸಿಟ್ಟಿದ್ದ ಬೈಕಿನ ಟ್ಯಾಂಕಿನ ಕೆಳಗೆ ನೆಲ ಒದ್ದೆಯಾಗಿತ್ತು. ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ತೂತು. ಅಲ್ಲಿಂದ ಒಸರಿದ ಪೆಟ್ರೋಲ್ ಹೊಸ ಬಣ್ಣದ ಅಡಿಗೆ ನುಗ್ಗಿ, ಅಂಗೈಯಗಲ ಮರೂನ್ ಬಣ್ಣ ಹಪ್ಪಳದಂತೆ ಉಬ್ಬಿ ನಿಂತಿತ್ತು. ಆ ಬಣ್ಣಕ್ಕೆ, ಅದರ ಮೇಲಿನ ದಂತವರ್ಣದ ಗೆರೆಗಳಿಗೆ ನಾನು ಕೊಟ್ಟಿದ್ದದ್ದು 9,500 ರೂಪಾಯಿ. ಬಾಗಿಲು ಎಳೆದುಕೊಂಡು ಶಾಲೆಗೆ ಹೋದೆ. ಆಮೇಲೆ ನಲವತ್ತು ದಿನ ಆ ಬಾಗಿಲು ತೆರೆಯಲಿಲ್ಲ.

ಗಾಡಿ ಅಪ್ಪನದು. 1971ರ ಜಾವಾ 250. ಕಂದಾಯ ಇಲಾಖೆಯಲ್ಲಿದ್ದ ಅಪ್ಪ ಹಾಸನದಿಂದ ಅರಕಲಗೂಡಿನ ಕಡೆಯ ಹಳ್ಳಿಗಳಿಗೆಲ್ಲ ಅದರಲ್ಲೇ ಓಡಾಡಿದವರು. 1994ರಲ್ಲಿ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಸದ್ದು ಮಾಡತೊಡಗಿದಾಗ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಗುಜರಿಯವರು ಎರಡು ಸಲ ಬಂದು ಕೇಳಿದರು. ಅಮ್ಮ ಕೊಡಲಿಲ್ಲ. 2017ರ ಬೇಸಿಗೆ ರಜೆಯಲ್ಲಿ ನಾನು ಸ್ಪ್ಯಾನರ್ ಹಿಡಿದೆ. ಆರು ತಿಂಗಳಲ್ಲಿ ಮುಗಿಸುವ ಅಂದಾಜಿತ್ತು. ಹಿಡಿದದ್ದು ಆರೂವರೆ ವರ್ಷ; ಖರ್ಚಾದದ್ದು 1,92,400 ರೂಪಾಯಿ.

ಹಳೆಯ ಗಾಡಿಯನ್ನು ಅರ್ಧ ಬಿಚ್ಚಿ ಕುಳಿತಿರುವವರು ನನಗೆ ಹಲವರು ಗೊತ್ತು. ಉತ್ಸಾಹ ಎಲ್ಲಿ ಸೋರಿಹೋಯಿತು ಎಂದು ಅವರನ್ನು ಕೇಳಿದರೆ ಹಣ, ಸಮಯ ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಆ ನಲವತ್ತು ದಿನಗಳ ನಂತರ ನನ್ನ ಲೆಕ್ಕದ ಪುಸ್ತಕ ತೆಗೆದು, ಎರಡೂಮುಕ್ಕಾಲು ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಕೈಗೆ ಗ್ರೀಸ್ ಹತ್ತಿದೆ ಎಂದು ಎಣಿಸಿದೆ. 61 ದಿನ. ಉಳಿದದ್ದೆಲ್ಲ ಕಾಯುವಿಕೆ. ಕ್ರೋಮ್ ಪ್ಲೇಟಿಂಗ್‌ಗೆ ಕೊಟ್ಟ ರಿಮ್‌ಗಳಿಗಾಗಿ ಐದು ತಿಂಗಳು, ಲೇತ್‌ನವರು ಕ್ರ್ಯಾಂಕ್ ಒತ್ತಿಕೊಡಲೆಂದು ಮೂರು ತಿಂಗಳು, ಸಂಬಳದಲ್ಲಿ ಒಂದಿಷ್ಟು ಮಿಗಲೆಂದು ಉಳಿದ ತಿಂಗಳುಗಳು. ದುಡಿದು ದಣಿದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ನನ್ನನ್ನು ಸವೆಸಿದ್ದು ಬೇರೆಯವರ ಅಂಗಡಿಯ ಮುಂದೆ ಕಳೆದ ಶನಿವಾರಗಳು.

ಅಂದು ಪುಸ್ತಕದಲ್ಲಿ ಎರಡು ಪಟ್ಟಿ ಮಾಡಿದೆ. ಒಂದು, ಪರರ ಕೈಯಲ್ಲಿ ಆಗಬೇಕಾದ ಕೆಲಸ: ಬೋರ್ (ಸವೆದ ಸಿಲಿಂಡರಿನ ಒಳಗನ್ನು ಕೊರೆದು ಅಗಲಿಸುವುದು), ಕ್ರ್ಯಾಂಕ್, ಪ್ಲೇಟಿಂಗ್, ಬಣ್ಣ, ಆರ್‌ಟಿಒ. ಇನ್ನೊಂದು, ನನ್ನ ಕೈಯಲ್ಲೇ ಆಗುವ, ಹೆಚ್ಚು ಖರ್ಚಿಲ್ಲದ ಕೆಲಸ: ತುಕ್ಕು ತೆಗೆಯುವುದು, ಬೋಲ್ಟುಗಳ ಥ್ರೆಡ್ ತಿದ್ದುವುದು, ಕೇಬಲ್‌ಗಳಿಗೆ ಎಣ್ಣೆ ಬಿಡುವುದು, ಹಬ್ ಉಜ್ಜುವುದು, ವೈರಿಂಗ್ ನಕ್ಷೆ ಬರೆಯುವುದು. ಮೊದಲ ಪಟ್ಟಿಯಿಂದ ಏನಾದರೊಂದು ಸದಾ ಹೊರಗೆ ಹೋಗಿರಬೇಕು, ಎರಡನೆಯದರಲ್ಲಿ ಏನಾದರೊಂದು ಸದಾ ಮೇಜಿನ ಮೇಲಿರಬೇಕು. ನನ್ನನ್ನು ದಡ ಸೇರಿಸಿದ ವ್ಯವಸ್ಥೆ ಇಷ್ಟೇ. ಆದರೆ ಅದಕ್ಕೆ ಮುಂಚೆ ಒಂದು ಹಳೆಯ ತಪ್ಪನ್ನು ತಿದ್ದಬೇಕಿತ್ತು.

2017ರಲ್ಲಿ ನಾನು ಇಡೀ ಗಾಡಿಯನ್ನು ಮೂರೇ ದಿನದಲ್ಲಿ ಬಿಚ್ಚಿಹಾಕಿದ್ದೆ. ಬಿಚ್ಚುವುದರಲ್ಲಿ ಎಂಥ ಸುಖವಿದೆ ಎಂದರೆ ಕೈ ನಿಲ್ಲುವುದೇ ಇಲ್ಲ. ನಟ್ಟು, ಬೋಲ್ಟು, ವಾಷರ್‌ಗಳೆಲ್ಲ ಎರಡು ಡಬ್ಬಗಳಲ್ಲಿ ಒಟ್ಟಿಗೆ ಬಿದ್ದವು. ಎರಡು ವರ್ಷದ ನಂತರ ಅವುಗಳಲ್ಲಿ ಯಾವುದು ಮಡ್‌ಗಾರ್ಡಿನದು, ಯಾವುದು ಇಂಜಿನ್ನನ್ನು ಚಾಸಿಗೆ ಹಿಡಿದಿಡುವುದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಕೊಟ್ಟಿಗೆಗೆ ಹೋದಾಗಲೆಲ್ಲ ಆ ಡಬ್ಬಗಳು ಕಣ್ಣಿಗೆ ಬೀಳುತ್ತಿದ್ದವು, ನಾನು ಹಿಂತಿರುಗುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಶಾಲೆ ಮುಚ್ಚಿತು. ಅಂಗಡಿಗಳೂ ಮುಚ್ಚಿದ್ದರಿಂದ ಮೊದಲ ಪಟ್ಟಿಯ ಕೆಲಸ ಯಾವುದೂ ಸಾಧ್ಯವಿರಲಿಲ್ಲ. ಡಬ್ಬಗಳನ್ನು ಹಳೆಯ ಪಂಚೆಯ ಮೇಲೆ ಸುರಿದುಕೊಂಡು ಕುಳಿತೆ. ಮದುವೆಮನೆಗಳಿಂದ ಬಂದ ತಾಂಬೂಲದ ಬಟ್ಟೆ ಚೀಲಗಳು ನಮ್ಮ ಮನೆಯಲ್ಲಿ ರಾಶಿ ಇದ್ದವು. ಒಂದೊಂದು ಚೀಲಕ್ಕೆ ಒಂದೊಂದು ರಟ್ಟಿನ ಚೀಟಿ ಕಟ್ಟಿದೆ: ‘ಮುಂದಿನ ಫೋರ್ಕ್’, ‘ಚೈನ್ ಕವರ್’, ‘ಗೊತ್ತಿಲ್ಲ’. ಮೊದಲ ದಿನ ‘ಗೊತ್ತಿಲ್ಲ’ ಚೀಲವೇ ಎಲ್ಲಕ್ಕಿಂತ ದಪ್ಪ. ಹನ್ನೊಂದು ದಿನಗಳಲ್ಲಿ ಅದು ಒಂದು ಹಿಡಿಗೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲದ ಆ ಹನ್ನೊಂದು ದಿನಗಳಲ್ಲಿ ಗಾಡಿ ನನಗೆ ಮತ್ತೆ ಗಾಡಿಯಾಗಿ ಕಾಣತೊಡಗಿತು.

ತುಕ್ಕಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನಸ್ಸು ಕುಗ್ಗಿದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಸಿಗಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗವನ್ನು ತಂತಿಯಲ್ಲಿ ನೀರೊಳಗೆ ಇಳಿಬಿಟ್ಟು ಬ್ಯಾಟರಿ ಚಾರ್ಜರಿನ ಋಣ ತುದಿಗೆ ಜೋಡಿಸಬೇಕು. ಬಕೆಟ್ಟಿನ ಅಂಚಿನಲ್ಲಿ ನಿಲ್ಲಿಸಿದ ಬೇಡವಾದ ಕಬ್ಬಿಣದ ತುಂಡಿಗೆ ಧನ ತುದಿ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆದು ಬೆಳಿಗ್ಗೆ ತೆಗೆದು ಬ್ರಷ್‌ನಿಂದ ಉಜ್ಜಿದರೆ ತುಕ್ಕು ಕಪ್ಪು ಮಸಿಯಾಗಿ ಬಿಟ್ಟುಹೋಗುತ್ತದೆ, ಒಳ್ಳೆಯ ಲೋಹ ಸವೆಯುವುದಿಲ್ಲ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲನ್ನಾಗಲೀ ಕ್ರೋಮ್ ಲೇಪಿಸಿದ್ದನ್ನಾಗಲೀ ಕಟ್ಟಲೇಬೇಡಿ, ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬಾರದು, ಸೋಡಾ ಅವುಗಳನ್ನು ತಿನ್ನುತ್ತದೆ. ಜಲಜನಕ ಹೊರಬರುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು. ನಾನು ಪ್ರತಿ ರಾತ್ರಿ ಊಟವಾದ ಮೇಲೆ ಒಂದು ಭಾಗವನ್ನು ಇಳಿಬಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದೊಡನೆ ನೋಡಲು ಏನೋ ಒಂದು ಇರುತ್ತಿತ್ತು. ಫೋರ್ಕಿನ ಒಂದು ಬ್ರ್ಯಾಕೆಟ್ಟಿನ ತುಕ್ಕಿನಡಿಯಿಂದ ಅಪ್ಪ ಹೊಡೆಸಿದ್ದ ಹಿತ್ತಾಳೆಯ ಬೆಸುಗೆ ಹೊಳೆಯುತ್ತಾ ಹೊರಬಂದ ಬೆಳಿಗ್ಗೆ ನಾನು ಕಾಫಿಯನ್ನೇ ಮರೆತು ನಿಂತಿದ್ದೆ.

ಹಣದ ವಿಷಯ. 2019ರ ಕೊನೆಗೆ 87,000 ರೂಪಾಯಿ ಹೋಗಿತ್ತು, ಅದರಲ್ಲಿ ಸ್ವಲ್ಪ ಕೈಸಾಲ. ಆ ವೇಳೆಗಾಗಲೇ ಹೊಸ ಜಾವಾ ಪೇಟೆಗೆ ಬಂದಿತ್ತು. 2018ರ ನವೆಂಬರ್‌ನಲ್ಲಿ ದೆಹಲಿ ಷೋರೂಮ್ ಬೆಲೆ 1.64 ಲಕ್ಷ ಎಂದು ಪತ್ರಿಕೆಯಲ್ಲಿ ಬಂದ ದಿನ ನನ್ನ ಹೆಂಡತಿ ಕೇಳಿದಳು: “ರೀ, ನೀವು ಹಾಕುತ್ತಿರುವ ದುಡ್ಡಿಗೆ ಹೊಸದೇ ಬರುತ್ತದಲ್ಲ?” ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಮನೆ ತೂಗಿಸುವವಳ ಪ್ರಶ್ನೆ ಅದು. ಹೊಸ ಗಾಡಿಗೂ ಎರಡು ಸೈಲೆನ್ಸರ್ ಇವೆ, ಒಳ್ಳೆಯ ಗಾಡಿಯೇ. ಆದರೆ ಅದರ ಇಂಜಿನ್ ಫೋರ್ ಸ್ಟ್ರೋಕ್. ಊರ ಹೊರಗಿನ ಏರಿಯಲ್ಲಿ ಅಪ್ಪ ಬರುತ್ತಿದ್ದಾರೆಂದು ನಮಗೆ ತಿಳಿಸುತ್ತಿದ್ದ ಆ ಒಡೆದ ತಮಟೆಯಂಥ ಸದ್ದು ಟೂ ಸ್ಟ್ರೋಕಿನದು. ಇದನ್ನು ಅವಳಿಗೆ ಹೇಳಿದೆ. ಜೊತೆಗೆ ತಿಂಗಳಿಗೆ 2,500 ರೂಪಾಯಿಗಿಂತ ಒಂದು ಪೈಸೆ ಹೆಚ್ಚು ಹಾಕುವುದಿಲ್ಲ, ಸಾಲ ಮಾಡುವುದಿಲ್ಲ ಎಂದು ಮಾತು ಕೊಟ್ಟೆ. 2020ರ ಜನವರಿಯಿಂದ ಆ ಹಣ ಪ್ರತ್ಯೇಕ ಖಾತೆಗೆ ಹೋಗುತ್ತಿತ್ತು. ಖಾತೆಯಲ್ಲಿ ತುಂಬುವವರೆಗೆ ಪರರ ಕೈಯ ಕೆಲಸ ನಿಲ್ಲಬೇಕು, ನನ್ನ ಕೈಯದು ನಡೆಯಬೇಕು. ಖರ್ಚಿಗೊಂದು ಮಿತಿ ಬಿದ್ದದ್ದೇ ಕೊಟ್ಟಿಗೆಗೆ ಹೋಗುವಾಗಿನ ಅಪರಾಧಿ ಭಾವ ಹೋಯಿತು.

ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ ಹಾಕಿದ್ದೆ: ಯಂತ್ರಕ್ಕೆ, ಅಂದಕ್ಕೆ, ತಪ್ಪಿಗೆ. ಮೂರನೆಯದರ ಮೊತ್ತ ಕೊನೆಗೆ 34,000 ದಾಟಿತು. ಒಬ್ಬ ಪ್ಲೇಟಿಂಗ್‌ನವರು ರಿಮ್‌ಗಳನ್ನು ಎಷ್ಟು ಉಜ್ಜಿದ್ದರೆಂದರೆ ಸ್ಪೋಕಿನ ತೂತುಗಳ ಸುತ್ತ ಲೋಹ ತೆಳುವಾಗಿ ಬಿರುಕು ಬಿಟ್ಟಿತ್ತು. ಹೊಸ ಜೋಡಿಯನ್ನೇ ಕೊಳ್ಳಬೇಕಾಯಿತು. ಟ್ಯಾಂಕಿನ ಬಣ್ಣವಂತೂ ನನ್ನದೇ ತಪ್ಪು. ಬಣ್ಣಕ್ಕೆ ಮುಂಚೆ ಹೊರಗೆಲ್ಲ ಸೀಮೆಸುಣ್ಣದ ಪುಡಿ ಹಚ್ಚಿ ಒಳಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಇಟ್ಟಿದ್ದರೆ ಸೋರುವ ಜಾಗದಲ್ಲಿ ಒದ್ದೆ ಕಲೆ ಮೂಡುತ್ತಿತ್ತು. ದಿನವಿಡೀ ಸೀಮೆಸುಣ್ಣ ಹಿಡಿಯುವ ಮೇಷ್ಟರು ನಾನು, ಆ ಉಪಾಯ ತಿಳಿದದ್ದು 9,500 ಕಳೆದ ಮೇಲೆ. ತಪ್ಪಿನ ಹಣವನ್ನು ಬೇರೆಯಾಗಿ ಬರೆದದ್ದರಿಂದ ಒಂದು ಲಾಭವಾಯಿತು. ಗಾಡಿ ನನ್ನನ್ನು ನುಂಗುತ್ತಿದೆ ಎಂಬ ಭಯ ಹೋಗಿ, ನುಂಗುತ್ತಿರುವುದು ನನ್ನ ಅವಸರ ಎಂದು ಅಂಕಿಯಲ್ಲೇ ಕಂಡಿತು.

ಬಿಡಿಭಾಗಗಳಿಗೆ ಮೈಸೂರೇ ಗತಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿಯಾದರೂ ಅನೇಕ ಭಾಗಗಳು ಒಂದಕ್ಕೊಂದು ಹೊಂದುತ್ತವೆ, ಅದೇ ಪುಣ್ಯ. ಅಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಮನೆಯ ಹಿಂದೆಯೇ ಇಂಜಿನ್ ಕಟ್ಟಿಕೊಡುತ್ತಾರೆ. ಹರಡಿಕೊಂಡ ನನ್ನ ಚಿಂತೆಯನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದರು: “ಸ್ವಾಮಿ, ಬಣ್ಣದ ಮಾತು ಬಿಡಿ. ಮೊದಲು ಇಂಜಿನ್ ಕೂಗಿಸಿ. ಒಮ್ಮೆ ಕೂಗಿದರೆ ನೀವು ಬಿಡುವುದಿಲ್ಲ.”

ನಾನು ಅಲ್ಲಿಯವರೆಗೆ ಹೊಳಪಿನ ಹಿಂದೆ ಬಿದ್ದಿದ್ದೆ. ಟ್ಯಾಂಕ್ ಹೊಳೆದರೆ ನನಗೆ ಹುರುಪು ಬರುತ್ತದೆ ಎಂದುಕೊಂಡಿದ್ದೆ. ಹುರುಪು ಬಂದದ್ದು ಅವರ ಮಾತು ಕೇಳಿದ ಮೇಲೆ. ಸಿಲಿಂಡರ್ 0.50 ಮಿ.ಮೀ. ಹೆಚ್ಚಿನ ಅಳತೆಗೆ ಬೋರ್ ಆಯಿತು. ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್, ಹೊಸ ಬೇರಿಂಗ್, ಎರಡೂ ಕಡೆ ಹೊಸ ಆಯಿಲ್ ಸೀಲ್. ಈ ಸೀಲ್‌ಗಳಲ್ಲಿ ಜಿಪುಣತನ ಮಾಡಬಾರದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೇ ಬರುತ್ತದೆ. ಸೀಲ್ ಹೋಗಿದ್ದರೆ ಅಲ್ಲಿಂದ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಎಣ್ಣೆಯನ್ನೇ ಕುಡಿದು ಬಿಳಿ ಹೊಗೆ ಕಾರುತ್ತದೆ.

2021ರ ಜನವರಿಯ ಒಂದು ಭಾನುವಾರ. ಬಣ್ಣವಿಲ್ಲದ ಚಾಸಿಯಲ್ಲಿ ಇಂಜಿನ್ ಕೂತಿತ್ತು. ಟ್ಯಾಂಕ್ ಇಲ್ಲ, ಸೀಟಿಲ್ಲ. ಗ್ಲೂಕೋಸ್ ಬಾಟಲಿಯೊಂದನ್ನು ಸೂರಿನ ಗಳಕ್ಕೆ ಕಟ್ಟಿ, ಲೀಟರಿಗೆ 40 ಮಿಲಿ ಎಣ್ಣೆ ಬೆರೆಸಿದ ಪೆಟ್ರೋಲ್ ತುಂಬಿ, ಕೊಳವೆಯನ್ನು ಕಾರ್ಬ್ಯುರೇಟರಿಗೆ ಇಳಿಬಿಟ್ಟಿದ್ದೆ. ಜಾವಾದಲ್ಲಿ ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹದಿನಾಲ್ಕು ಸಲ ಒದ್ದೆ. ಕಿಡಿ ಹಾರಿಸುವ ಪಾಯಿಂಟ್ ಬಿಚ್ಚಿ, ಸಂದು ಅಳೆಯುವ ಫೀಲರ್ ಗೇಜಿನಲ್ಲಿ ಮತ್ತೆ 0.4 ಮಿ.ಮೀ. ಅಂತರ ಹಿಡಿದೆ. ಮತ್ತೆರಡು ಸಲ ಒದ್ದದ್ದೇ ಕೊಟ್ಟಿಗೆಯೆಲ್ಲ ನೀಲಿ ಹೊಗೆ, ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಇಪ್ಪತ್ತಾರು ವರ್ಷದ ನಂತರ ಅದು ನಲವತ್ತು ಸೆಕೆಂಡು ಓಡಿತು. ಆಮೇಲೆ ಇನ್ನೂ ಎರಡೂಮುಕ್ಕಾಲು ವರ್ಷದ ಕೆಲಸವಿತ್ತು, ಆದರೆ ಬಿಟ್ಟುಬಿಡುವ ಯೋಚನೆ ಮತ್ತೊಮ್ಮೆಯೂ ಬರಲಿಲ್ಲ.

ಇಂಜಿನ್ ಕೆಲಸದಲ್ಲಿ ಒಂದು ಅಭ್ಯಾಸ ಬಿತ್ತು. ಸಿಕ್ಕಿಹಾಕಿಕೊಂಡ ಜಾಗದಲ್ಲಿ ಕೆಲಸ ನಿಲ್ಲಿಸಿ ಎದ್ದರೆ ಮರುದಿನ ಕಾಲು ಅತ್ತ ಹೋಗುವುದಿಲ್ಲ. ಆದ್ದರಿಂದ ಸಲೀಸಾದ ಒಂದು ನಟ್ಟನ್ನು ಬೇಕೆಂದೇ ಬಿಗಿಯದೆ ಉಳಿಸಿ, ಅದರ ಪಕ್ಕ ಸರಿಯಾದ ಸ್ಪ್ಯಾನರ್ ಇಟ್ಟು ಏಳುತ್ತಿದ್ದೆ. ಸಂಜೆ ಶಾಲೆಯಿಂದ ಬಂದವನು ಅದೊಂದನ್ನು ಬಿಗಿದು ಬರೋಣ ಎಂದು ಹೋಗುತ್ತಿದ್ದೆ. ಅರ್ಧ ಗಂಟೆ ಹೇಗೆ ಕಳೆಯಿತೆಂದು ತಿಳಿಯುತ್ತಿರಲಿಲ್ಲ. ಚಕ್ರಗಳನ್ನು ಹೀಗೆಯೇ ಕಟ್ಟಿದೆ, ದಿನಕ್ಕೆ ಆರು ಸ್ಪೋಕಿನಂತೆ.

ಜುಲೈನ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಬೆಂಗಳೂರಿಗೂ ಹೋಗಿದ್ದೆ. ಸಾಲಾಗಿ ನಿಂತ ಹೊಳೆಯುವ ಗಾಡಿಗಳನ್ನು ನೋಡಿ ಬಂದ ಹುಮ್ಮಸ್ಸು ಎರಡು ದಿನ ನಿಂತಿತು, ಮೂರನೆಯ ದಿನ ನನ್ನ ಕೊಟ್ಟಿಗೆ ಇನ್ನಷ್ಟು ಬಡವಾಗಿ ಕಂಡಿತು. ಅಲ್ಲಿ ಪರಿಚಯವಾದ ಒಬ್ಬರ ಮನೆಯಲ್ಲಿ ಅರ್ಧ ಬಿಚ್ಚಿದ ಯೆಜ್ಡಿ ರೋಡ್‌ಕಿಂಗ್ ಇತ್ತು. ಅದನ್ನು ನೋಡಿ ಬಂದ ಹುಮ್ಮಸ್ಸು ಎರಡು ತಿಂಗಳು ನಿಂತಿತು. ಈಗಲೂ ತಿಂಗಳಿಗೊಮ್ಮೆ ಮಾತಾಡುತ್ತೇವೆ. ಅವರು ಏನು ಮುಗಿಸಿದರೆಂದು ನಾನು ಕೇಳುವುದಿಲ್ಲ, ಏನು ನಡೆದಿದೆಯೆಂದು ಕೇಳುತ್ತೇನೆ.

ಕಾಗದಪತ್ರದ ಕೆಲಸವನ್ನು ಮೊದಲ ದಿನವೇ ಆರಂಭಿಸಿ ಎಂದು ಮಾತ್ರ ಹೇಳುತ್ತೇನೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31, ನೋಂದಣಿ ನವೀಕರಣಕ್ಕೆ ನಮೂನೆ 25. ಮರಳು ಕಾಗದ ಹಿಡಿಯುವ ಮುಂಚೆಯೇ ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಪುಟ್ಟಿ, ಬಣ್ಣದಡಿ ಸಂಖ್ಯೆ ಮುಚ್ಚಿಹೋಗಿ ಪರದಾಡಿದವರನ್ನು ನೋಡಿದ್ದೇನೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಅದರಡಿ ನಿತ್ಯ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ನಾನು ಅತ್ತ ಹೋಗಲಿಲ್ಲ. ಅಪ್ಪ ದಿನವೂ ಓಡಿಸಿದ ಗಾಡಿ ಅದು.

ಪ್ರತಿ ವರ್ಷ ಆಯುಧಪೂಜೆಗೆ ಅಮ್ಮ ಕೊಟ್ಟಿಗೆಗೆ ಬಂದು ಆ ತಾಂಬೂಲದ ಚೀಲಗಳಿಗೇ ಅರಿಸಿನ ಕುಂಕುಮ ಇಡುತ್ತಿದ್ದರು. ವರ್ಷ ವರ್ಷ ಚೀಲಗಳು ಕಡಿಮೆಯಾಗುತ್ತಾ ಬಂದವು. 2023ರ ಅಕ್ಟೋಬರ್‌ನಲ್ಲಿ ಹೂವಿನ ಹಾರ ಹ್ಯಾಂಡಲಿಗೇ ಬಿತ್ತು. ಮರುದಿನ ಅರಕಲಗೂಡಿನ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿ ಬಂದೆ. ಸ್ಪೀಡೋಮೀಟರಿನ ಮುಳ್ಳು ಕದಲಲೇ ಇಲ್ಲ. ಸಂಜೆ ಅದರ ಕೇಬಲ್ ಬಿಚ್ಚಿ, ಎಣ್ಣೆ ಬಿಟ್ಟು ಗೂಟಕ್ಕೆ ನೇತುಹಾಕಿ, ಅದರ ಕೆಳಗೆ ಬೇಕಾದ ಇಕ್ಕಳವನ್ನಿಟ್ಟು ಬಂದೆ.