ವೀರಲವನಿಗೆ ಎಂಟು ಬಾಕ್ಸ್: ಕ್ಲಾಸಿನಲ್ಲಿ ಗ್ರಾಫಿಕ್ ಕಾದಂಬರಿ, ನನ್ನ ಅನುಭವ

‘ಒಂಬತ್ತನೇ ಕ್ಲಾಸಿಗೂ ನಲಿಕಲಿ ಶುರು ಮಾಡಿದ್ರಾ ಮೇಡಂ?’ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕೇಳಿದರು. ನಲಿಕಲಿ ಅಂದರೆ ಒಂದರಿಂದ ಮೂರನೇ ಕ್ಲಾಸಿನ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಯಿಂದ ಕಲಿಸುವ ಪದ್ಧತಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕನ್ನಡ ಕ್ಲಾಸಿಗೆ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರ ಮತ್ತು ಮಾತಿನಲ್ಲೇ ಕಥೆ ಹೇಳುವ ಪುಸ್ತಕ ತಂದ ಆ ಮೊದಲ ವರ್ಷ ನಗುವ ಹಾಗೆಯೇ ಇತ್ತು ಬಿಡಿ. ಈಗ ನಾಲ್ಕು ವರ್ಷ ಆಯಿತು, ಬರೆಯುವಷ್ಟು ಧೈರ್ಯ ಬಂದಿದೆ.

ಮೊದಲ ತಪ್ಪು ಅವೆನ್ಯೂ ರೋಡಿನಲ್ಲಿ ಆಯಿತು. ಹಳೇ ಪುಸ್ತಕದವರ ಹತ್ತಿರ ಕನ್ನಡದ ಅಮರ ಚಿತ್ರಕಥೆಗಳು ಕಂಡವು. ಅರವತ್ತರ ಹತ್ತಿರ ಎತ್ತಿಕೊಂಡೆ. 1,800 ರೂಪಾಯಿ ಇರಬೇಕು, ಚೌಕಾಸಿ ಮಾಡಿದ ಮೇಲೆ. ನಾನು ಅವುಗಳ ಮೇಲೆಯೇ ಬೆಳೆದವಳು. 1967ರಲ್ಲಿ ಆ ಮಾಲೆ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು ಅಂತ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ. ಎರಡೇ ದಿನದಲ್ಲಿ ಪುಸ್ತಕಗಳು ವಾಪಸ್ ಬಂದವು. ‘ಚೆನ್ನಾಗಿದೆ ಮೇಡಂ, ತಮ್ಮನಿಗೆ ಕೊಡಲಾ?’ ಅಂದಳು ಒಬ್ಬಳು. ಬೇಜಾರಾಯಿತು. ಆಮೇಲೆ ನಾನೇ ಕೂತು ತಿರುವಿ ನೋಡಿದೆ. ರಾಜ ಕುದುರೆ ಏರುವ ಚಿತ್ರದ ಮೇಲೆ ‘ರಾಜ ಕುದುರೆ ಏರಿದ’ ಅಂತ ಬರೆದಿರುತ್ತದೆ. ಹತ್ತು ವರ್ಷದ ಮಗುವಿಗೆ ಅದು ಹಬ್ಬ. ಹದಿನಾಲ್ಕರ ಹುಡುಗನಿಗೆ ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಚಿತ್ರ ಇರುವ ಪುಸ್ತಕ ಓದಲು ಬಾರದವರಿಗೆ ಒಳ್ಳೆಯದು ಅಂದುಕೊಂಡು ಪರಿಹಾರ ಬೋಧನೆಯ ಹನ್ನೊಂದು ಮಕ್ಕಳಿಗೆ ಮಾತ್ರ ಕೊಟ್ಟೆ. ಮುಗಿಯಿತು. ಒಂದು ವಾರದಲ್ಲಿ ಅದಕ್ಕೆ ‘ದಡ್ಡರ ಬುಕ್ಕು’ ಅಂತ ಹೆಸರು ಬಿತ್ತು. ಹುಡುಗರು ಅದನ್ನು ಊಟದ ತಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡು ತಿರುಗುತ್ತಿದ್ದರು. ಯಾರಾದರೂ ಶುರು ಮಾಡುವವರಿದ್ದರೆ ಇದೊಂದನ್ನು ಮಾತ್ರ ಮಾಡಬೇಡಿ. ಕೊಟ್ಟರೆ ಇಡೀ ಕ್ಲಾಸಿಗೆ ಕೊಡಿ. ಫಸ್ಟ್ ಬರುವ ಹುಡುಗಿಗೆ ಮೊದಲು ಕೊಡಿ.

ಮೂರನೇ ಸಲ ‘ಭೀಮಾಯಣ’ ತಂದೆ. ಅಂಬೇಡ್ಕರ್ ಅನುಭವಗಳ ಪುಸ್ತಕ, 2011ರದ್ದು, ಚಿತ್ರ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಅವರದ್ದು. ನನ್ನ ಹತ್ತಿರ ಇದ್ದದ್ದು ಇಂಗ್ಲಿಷ್ ಪ್ರತಿ. ಹೆಡ್‌ಮಾಸ್ಟರ್ ಹತ್ತಿರ ಲೈಬ್ರರಿ ದುಡ್ಡು ಕೇಳಿದೆ. ‘ಚಿತ್ರದ ಬುಕ್ಕಿಗೆ ಬಿಲ್ ಹಾಕಿದ್ರೆ ಆಡಿಟ್‌ನವರಿಗೆ ನಾನೇನು ಹೇಳಲಿ ಮೇಡಂ?’ ಅಂದರು. ಸರಿ, ಕೈಯಿಂದಲೇ ಇನ್ನೂ ಎರಡು ಪ್ರತಿ ತರಿಸಿದೆ. ಮೂರಕ್ಕೂ ಸೇರಿ 1,400ರ ಆಸುಪಾಸು.

ಮೊದಲು ಮೊಬೈಲಿನಲ್ಲಿ ಪುಟದ ಫೋಟೊ ತೆಗೆದು ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ಸಪ್ಪೆ. ಕರೆಂಟ್ ಹೋಗಿದ್ದು ಬೇರೆ ಮಾತು. ನಲವತ್ತೆರಡು ಮಕ್ಕಳು ಒಂದೇ ಪುಟವನ್ನು ಒಂದೇ ಹೊತ್ತಿಗೆ ನೋಡಿದರೆ ಅದು ಸಿನಿಮಾ ಆಗುತ್ತದೆ, ಅದೂ ಓಡದ ಸಿನಿಮಾ. ಪುಟ ತಿರುವುವ ಕೈ ಓದುವವರದ್ದೇ ಆಗಿರಬೇಕು. ಹಿಂದಕ್ಕೆ ಹೋಗಬೇಕು, ನಿಲ್ಲಬೇಕು. ಅದಕ್ಕೇ ಐದೈದು ಮಕ್ಕಳ ಗುಂಪು ಮಾಡಿ, ಪುಸ್ತಕವನ್ನೇ ಸುತ್ತು ಹಾಕಿಸಿದೆ. ಪಾತ್ರದ ಇಂಗ್ಲಿಷ್ ಮಾತು ಇರುವ ಗುಳ್ಳೆ, ಅಂದರೆ ಬಲೂನಿನ ಮೇಲೆ ಕನ್ನಡದ ಹಳದಿ ಅಂಟುಚೀಟಿ. ಬರೆಯುವವರು ಮಕ್ಕಳೇ, ಡಿಕ್ಷನರಿ ಇಟ್ಟುಕೊಂಡು. ಬಲೂನಿನಲ್ಲಿ ಜಾಗ ಕಡಿಮೆ ಅಲ್ವಾ, ಉದ್ದದ ಕನ್ನಡ ಹಿಡಿಸುವುದಿಲ್ಲ. ವರ್ಷಗಟ್ಟಲೆ ‘ಚಿಕ್ಕ ವಾಕ್ಯ ಬರೀರೋ’ ಅಂತ ನಾನು ಕೂಗಿದ್ದು ಮಾಡದ ಕೆಲಸವನ್ನು ಆ ಚೀಟಿ ಮಾಡಿತು.

ಕಾಮಿಕ್ಸ್‌ನಲ್ಲಿ ಒಂದೊಂದು ಚಿತ್ರಕ್ಕೆ ಇರುವ ಚೌಕಟ್ಟು, ಅಂದರೆ ಬಾಕ್ಸ್, ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಪಾತ್ರಗಳನ್ನು ಬಾಕ್ಸಿನಲ್ಲಿ ಕೂಡಿಹಾಕಲು ಆ ಕಲಾವಿದರು ಒಪ್ಪಲಿಲ್ಲ. ಹಾಗಾಗಿ ಒಂದು ಮಾತಿನಿಂದ ಕಣ್ಣು ಎಲ್ಲಿಗೆ ಹೋಗಬೇಕು ಅಂತ ಗುಂಪುಗುಂಪಿನಲ್ಲೂ ಜಗಳ. ನಾನು ಸುಮ್ನೆ ನಿಂತಿದ್ದೆ. ಇನ್ನೊಂದು ವಿಷಯ ಅವರೇ ಕಂಡುಹಿಡಿದರು. ಮೆತ್ತಗಿನ ಮಾತಿನ ಬಲೂನು ಹಕ್ಕಿಯ ಆಕಾರ. ಚುಚ್ಚುವ ಮಾತಿನ ಬಲೂನಿಗೆ ಚೇಳಿನ ಬಾಲ. ಶಾಲೆಯಲ್ಲಿ ಬಾಯಾರಿದ ಹುಡುಗ ಭೀಮನಿಗೆ ನೀರು ಸಿಗದ ಪುಟಗಳಲ್ಲಿ ಆ ಚೇಳು ನೋಡಿ ಕ್ಲಾಸು ತಣ್ಣಗಾಯಿತು. ನಮ್ಮ ಸುತ್ತಲ ಹಳ್ಳಿಗಳ ನೀರಿನ ಮಾತು ಬಂತು. ಯಾರು ಏನು ಹೇಳಿದರು ಅಂತ ಬರೆಯುವುದಿಲ್ಲ. ಸಮಾಜ ವಿಜ್ಞಾನದ ಪಾಠದಲ್ಲಿ ಯಾವತ್ತೂ ಬಾರದ ಮಾತು ಅದು.

ಓದಿದ್ದು ಸಾಲದು, ನಾವೂ ಚಿತ್ರ ಬಿಡಿಸಬೇಕು ಅಂದರು ಮಕ್ಕಳು. ದೆಹಲಿಯ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯವರು ಊರೂರಲ್ಲಿ ಜನರಿಂದಲೇ ಕಾಮಿಕ್ಸ್ ಮಾಡಿಸುವ ಪದ್ಧತಿಯನ್ನೇ ಹಿಡಿದೆ. ಎರಡು ಎ4 ಹಾಳೆ ಅಂಟಿಸಿ, ನಾಲ್ಕು ಬಾಕ್ಸ್, ಕಪ್ಪು ಪೆನ್ನು ಮಾತ್ರ. ಬಣ್ಣ ಬೇಡ ಅಂದದ್ದಕ್ಕೆ ಕಾರಣ ಜೆರಾಕ್ಸ್. ಮೊದಲ ಸಲ ಪೆನ್ಸಿಲ್‌ಗೆ ಬಿಟ್ಟು 90 ರೂಪಾಯಿಯ ಜೆರಾಕ್ಸ್ ಬೂದಿ ಬಣ್ಣಕ್ಕೆ ತಿರುಗಿ ಹಾಳಾಗಿತ್ತು. ಕಡ್ಡಿ ಮನುಷ್ಯರು ಸಾಕು ಅಂದೆ. ಚೆನ್ನಾಗಿ ಚಿತ್ರ ಬರೆಯುವವರೇ ಇದರಲ್ಲಿ ಸೋಲುತ್ತಾರೆ, ನೋಡಿ. ಮೊದಲ ಬಾಕ್ಸಿನ ಮರದ ಎಲೆ ಎಣಿಸುತ್ತಾ ಕೂರುತ್ತಾರೆ.

ಒಬ್ಬಳು ಕ್ಲಾಸಿನ ಕಥೆಯನ್ನೇ ಬರೆದಳು. ಅದರಲ್ಲಿ ‘ಇಷ್ಟೂ ಗೊತ್ತಾಗಲ್ವಾ?’ ಅನ್ನುವ ಬಲೂನಿಗೆ ಚೇಳಿನ ಬಾಲ ಇತ್ತು. ಸೀರೆ ನನ್ನದೇ. ಗೋಡೆಗೆ ಹಾಕಿದೆ, ಎರಡು ದಿನ ಆ ಕಡೆ ನೋಡಲಿಲ್ಲ.

ನನ್ನ ಬಾಯಲ್ಲೇ ಹೇಳಿಕೊಳ್ಳಬಾರದು, ಆದರೆ ನಿಜವಾದ ಗೆಲುವು ಹತ್ತನೇ ಕ್ಲಾಸಿನ ಪದ್ಯ ‘ವೀರಲವ’. ಲಕ್ಷ್ಮೀಶನ ವಾರ್ಧಕ ಷಟ್ಪದಿ ಅಂದರೆ ಮಕ್ಕಳು ನೀರಿಗಿಳಿಯದ ಎಮ್ಮೆ ಥರ ನಿಲ್ಲುತ್ತಾರೆ ಅಂತ ನಿಮಗೂ ಗೊತ್ತು. ಸಾರಾಂಶ ಹೇಳಲಿಲ್ಲ. ಎಂಟು ಬಾಕ್ಸ್ ಕೊಟ್ಟೆ. ತೋಟಕ್ಕೆ ರಾಮನ ಯಜ್ಞದ ಕುದುರೆ ನುಗ್ಗಿತು, ಲವ ಅದರ ಹಣೆಯ ಪಟ್ಟಿ ಓದಿದ, ಉತ್ತರೀಯದಿಂದ ಬಾಳೆಗೆ ಕಟ್ಟಿದ, ಜೊತೆಯವರು ಹೆದರಿದರು. ‘ಉತ್ತರೀಯ ಬಿಚ್ಚಿದ ಮೇಲೆ ಮುಂದಿನ ಬಾಕ್ಸಿನಲ್ಲಿ ಅವನ ಹೆಗಲ ಮೇಲೆ ಅದು ಇರಬಾರದು ಅಲ್ವಾ ಮೇಡಂ?’ ಅಂತ ಕೇಳಿದವನು ಪರಿಹಾರ ಬೋಧನೆಯ ಹುಡುಗ. ಅದನ್ನು ತಿಳಿಯಲು ಅವನು ಪದ್ಯಕ್ಕೆ ಮೂರು ಸಲ ವಾಪಸ್ ಹೋಗಿದ್ದ. ಆ ಸಲದ ಪರೀಕ್ಷೆಯಲ್ಲಿ ಈ ಪದ್ಯದ ಪ್ರಶ್ನೆ ಖಾಲಿ ಬಿಟ್ಟವರು ಇಬ್ಬರೋ ಮೂವರೋ. ಹಿಂದೆಲ್ಲ ಹದಿನೈದರ ಮೇಲೆ ಇರುತ್ತಿದ್ದರು.

ಹಳಗನ್ನಡದ ಗದ್ಯದ ಮೇಲೂ ಇದನ್ನೇ ನಡೆಸಿ ನೋಡಿದೆ. ಕೈಗೆ ಹತ್ತಲಿಲ್ಲ. ವ್ಯಾಕರಣಕ್ಕೂ ಪ್ರಯತ್ನಿಸಿದೆ, ಸಂಧಿಗಳು ಕುಸ್ತಿ ಆಡುವ ಕಾಮಿಕ್ಸ್. ನಗು ಬಂತು, ಸಂಧಿ ಬರಲಿಲ್ಲ.

ಹೆಡ್‌ಮಾಸ್ಟರ್ ಒಪ್ಪಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಎಫ್‌ಎ, ಅಂದರೆ ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಅಂತ ದಾಖಲೆ ತೋರಿಸಿದೆ, ಅಷ್ಟೇ. ಮಕ್ಕಳ ಹಾಳೆಗಳೇ ಫೈಲಿಗೆ ಸಾಕ್ಷಿ. ಎಂಟು ಬಾಕ್ಸಿನಲ್ಲಿ ಯಾವ ಬಾಕ್ಸನ್ನು ನಾನೇ ಮೊದಲು ತುಂಬಿ ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಸಿಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ತರಬೇತಿಯಲ್ಲಿ ಸಿಕ್ಕರೆ ಕೇಳಿ, ಕಾಫಿ ನಿಮ್ಮದು.

ಇಲ್ಲಿಯವರೆಗೆ ಕೈಯಿಂದ ಆರು ಸಾವಿರ ಹೋಗಿರಬಹುದು. ಹೋದ ವರ್ಷ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಜೆರಾಕ್ಸ್‌ಗೆ ಅಂತ 500 ಕೊಟ್ಟರು. ಈ ವರ್ಷ ಗಣಿತದ ಮೇಷ್ಟ್ರು ಯಾರಿಗೂ ಹೇಳದೆ ಪೈಥಾಗೊರಸ್ ಪ್ರಮೇಯಕ್ಕೆ ನಾಲ್ಕು ಬಾಕ್ಸ್ ಮಾಡಿಸಿದ್ದಾರೆ. ಚೆನ್ನಾಗಿಲ್ಲ. ಆದರೂ ಗೋಡೆಗೆ ಹಾಕಿದ್ದೇವೆ.